ಓದಿ ಮುಗಿಯುವ ಮೊದಲೇ

ಗುರುಶಾಂತಪ್ಪ ಲ್ಯಾಬಿನ ಕೌಂಟರ್ ಮೇಲೆ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟರು. ಎರಡರಲ್ಲೂ ಅವರದೇ ಹೆಸರು, ನಿನ್ನೆ ಕೊಟ್ಟ ಅದೇ ರಕ್ತ. ಬೆಳಿಗ್ಗೆ ಸಿಕ್ಕ ಹಾಳೆಯಲ್ಲಿ ಕ್ರಿಯಾಟಿನಿನ್ 6.8. ಆಸ್ಪತ್ರೆಗೆ ಇನ್ನೊಂದು ಪ್ರತಿ ಬೇಕೆಂದು ಈಗ ತೆಗೆಸಿದ್ದರಲ್ಲಿ 0.9.

"ಒಂದ್ರಲ್ಲಿ ನನ್ನ ಕಿಡ್ನಿ ಹೋಗೇಬಿಟ್ಟಿದೆ, ಇನ್ನೊಂದ್ರಲ್ಲಿ ಚೆನ್ನಾಗಿದೆ. ಯಾವ್ದನ್ನ ನಂಬ್ಲಿ ಮೇಡಂ?"

ಕೌಂಟರಿನ ಸರ್ವಮಂಗಳಾ ಮತ್ತೊಮ್ಮೆ ಪ್ರಿಂಟ್ ಕೊಟ್ಟಳು. 0.9. ಇನ್ನೊಮ್ಮೆ ಕೊಟ್ಟಳು. ಅದೇ 0.9. ದಿಕ್ಕು ತೋಚದೆ ಸಾಫ್ಟ್‌ವೇರ್ ಬರೆದುಕೊಟ್ಟ ಪದ್ಮಶ್ರೀಗೆ ಫೋನ್ ಮಾಡಿದಳು. ಅವಳು ಜೆ.ಪಿ. ನಗರದಿಂದ ಸ್ಕೂಟರಿನಲ್ಲಿ ಬರುವಷ್ಟರಲ್ಲಿ ಅರ್ಧ ಗಂಟೆಯಾಯಿತು.

ಆ ಅರ್ಧ ಗಂಟೆ ಗುರುಶಾಂತಪ್ಪ ಕುರ್ಚಿಯಲ್ಲಿ ಕೂರಲೂ ಇಲ್ಲ. ಇಟ್ಟಮಡುವಿನಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ. ತಂಗಿಗೆ ತಮ್ಮದೊಂದು ಕಿಡ್ನಿ ಕೊಡುತ್ತೇನೆಂದು ಒಪ್ಪಿದ್ದರು. ಬೆಳಿಗ್ಗೆ ಹಾಳೆ ನೋಡಿದವರೇ ಫುಟ್‌ಪಾತಿನಲ್ಲಿ ನಿಂತು ಅವಳಿಗೆ ಫೋನ್ ಮಾಡಿ, ಆಗೋದಿಲ್ಲಮ್ಮ ಎಂದುಬಿಟ್ಟಿದ್ದರು. ಅವಳು ಅತ್ತಿರಲಿಲ್ಲ. "ನನ್ನ ಕಥೆ ಬಿಡಣ್ಣ, ಮೊದ್ಲು ನೀನು ಡಾಕ್ಟ್ರಿಗೆ ತೋರಿಸ್ಕೋ" ಎಂದಿದ್ದಳು.

ಪದ್ಮಶ್ರೀ ಬಂದವಳೇ ಐದು ಸಲ ಪ್ರಿಂಟ್ ತೆಗೆದಳು. ಐದೂ ಸರಿ. ತಪ್ಪಾದ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಅದರಿಂದ ಏನು ತಿಳಿಯಬೇಕೆಂದು ಅವಳಿಗೇ ಗೊತ್ತಿರಲಿಲ್ಲ.

"ಬೆಳಿಗ್ಗೆ ಬೇರೇನಾದ್ರೂ ಆಯ್ತಾ ಸರ್ವಮಂಗಳಾ ಅವ್ರೇ?"

"ಕರೆಂಟ್ ಹೋಗಿತ್ತು, ಕಂಪ್ಯೂಟರ್ ಆಫ್ ಆಯ್ತು. ಆನ್ ಮಾಡಿದ್ಮೇಲೆ ಮೊದಲನೇ ರಿಪೋರ್ಟ್ ಬರೀ ಹೆಸ್ರು ಬಂತು, ಕೆಳಗೆಲ್ಲಾ ಖಾಲಿ. ಪ್ರಿಂಟರ್ ಕೈಕೊಡ್ತು ಅಂತ ಇನ್ನೊಂದ್ಸಲ ಕೊಟ್ಟೆ, ಸರಿಯಾಗ್ ಬಂತು."

ಪದ್ಮಶ್ರೀ ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದಳು. ಗುರುಶಾಂತಪ್ಪನವರ ರಿಪೋರ್ಟಿಗೆ ಪ್ರಿಂಟ್ ಕೊಟ್ಟಳು. ಹೆಸರು ಬಂತು. ಕೆಳಗೆ ಏನೂ ಇರಲಿಲ್ಲ.

"ತಪ್ಪು ನಂದೇ ಅಂಕಲ್," ಎಂದಳು. "ಸ್ಕ್ರೀನ್ ನಿಂತು ನಿಂತು ಹೋಗುತ್ತೆ ಅಂತ ಇವ್ರು ಹೇಳ್ತಿದ್ರು. ಹೋದ ತಿಂಗಳು ಫೈಲ್ ಓದೋ ರೀತಿ ಬದಲಾಯಿಸ್ದೆ. ಮೊದ್ಲು ನಮ್ಮ ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಂಗೆ ಫೈಲ್ ಓದಿಕೊಡು ಅಂದ್ರೆ, ಅದು ಡಿಸ್ಕಿಂದ ತರೋವರೆಗೂ ಕಾಯ್ತಾ ನಿಲ್ತಿತ್ತು. ಈಗ ಕಾಯಲ್ಲ. ಸಿಸ್ಟಂ ಕೂಡ್ಲೇ 'ಕೆಲ್ಸ ತಗೊಂಡೆ' ಅನ್ನುತ್ತೆ. ಡಿಸ್ಕಿಂದ ಬಂದಿದ್ದನ್ನ ನಾವು ತೋರಿಸಿದ ಜಾಗದಲ್ಲಿ ತುಂಬಿ, ಆಮೇಲೆ 'ಮುಗೀತು' ಅಂತ ತಿಳಿಸುತ್ತೆ."

"ಸರಿ, ಅದ್ರಲ್ಲೇನು ತಪ್ಪು?"

"'ತಗೊಂಡೆ' ಅಂದಿದ್ದನ್ನೇ ನಾನು 'ಮುಗೀತು' ಅಂತ ತಿಳ್ಕೊಂಡು ಬರೆದಿದೀನಿ. ಹೆಸ್ರು ಬೇರೆ ಪಟ್ಟಿಯಿಂದ ಬರುತ್ತೆ, ಅದು ಸರಿ ಇದೆ; ಅದ್ರ ಕೆಳಗೆ, ಫೈಲ್ ಬರೋಕ್ ಮುಂಚೆನೇ ಆ ಜಾಗದಲ್ಲಿ ಏನಿತ್ತೋ ಅದು ಪ್ರಿಂಟ್ ಆಗಿದೆ."

"ಹಾಗಿದ್ರೆ ಒಂದು ತಿಂಗಳಿಂದ ಎಲ್ಲಾ ತಪ್ಪೇ ಬರ್ಬೇಕಿತ್ತಲ್ಲಮ್ಮ. ಈಗ ಯಾಕೆ ಸರಿಯಾಗ್ ಬರ್ತಿದೆ?"

"ಹೊಸದಾಗಿ ಬರೆದ ಫೈಲು, ಒಂದ್ಸಲ ಓದಿದ ಫೈಲು, ಇವನ್ನ ಸಿಸ್ಟಂ ಮೆಮೊರಿಯಲ್ಲೇ ಇಟ್ಕೊಂಡಿರುತ್ತೆ. ಕೇಳಿದ ತಕ್ಷಣ ಕೊಡುತ್ತೆ, ಅದಕ್ಕೇ ತಪ್ಪು ಕಾಣ್ಲಿಲ್ಲ. ಕರೆಂಟ್ ಹೋದಾಗ ಮೆಮೊರಿ ಖಾಲಿಯಾಯ್ತು. ನಿನ್ನೆಯ ಫೈಲ್‌ಗಳು ಡಿಸ್ಕಿಂದ ಬರೋದು ಒಂದು ಕ್ಷಣ ತಡ ಆಯ್ತು."

ಗುರುಶಾಂತಪ್ಪನವರಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಎರಡು ಹಾಳೆಗಳನ್ನೂ ಮತ್ತೆ ಮತ್ತೆ ತಿರುವಿ ನೋಡಿದರು. ಆಗ ಸರ್ವಮಂಗಳಾ ಅವರನ್ನು ಒಳಗೆ ಕರೆದೊಯ್ದು, ರಕ್ತ ಪರೀಕ್ಷಿಸುವ ಮೆಷಿನ್ನಿನ ಪರದೆಯಲ್ಲೇ ಅವರ ಹೆಸರನ್ನು ತೋರಿಸಿದಳು. ಎದುರಿಗೆ 0.9 ಎಂದಿತ್ತು. ಅವರು ಅಲ್ಲಿದ್ದ ಸ್ಟೂಲಿನ ಮೇಲೆ ಕೂತು ತಂಗಿಗೆ ಫೋನ್ ಮಾಡಿದರು. "ಕೊಡ್ತೀನಮ್ಮ, ಕೊಡ್ತೀನಿ" ಎಂದರು.

ಕಣ್ಣೊರೆಸಿಕೊಂಡು ಹೊರಗೆ ಬಂದಾಗ ಪದ್ಮಶ್ರೀ ಬೆಳಗಿನ ಪಟ್ಟಿ ನೋಡುತ್ತಿದ್ದಳು. ಕರೆಂಟ್ ಬಂದ ಮೇಲೆ ನಿನ್ನೆಯ ರಿಪೋರ್ಟ್ ಪಡೆದವರು ಮೂರೇ ಜನ. ಗುರುಶಾಂತಪ್ಪ ಮೂರನೆಯವರು. ಅವರ ಹಾಳೆಯಲ್ಲಿ ಅಚ್ಚಾಗಿದ್ದ 6.8, ಆ ಜಾಗದಲ್ಲಿ ಹಾಗೇ ಉಳಿದಿದ್ದ ಎರಡನೆಯವರದು, ತಲಘಟ್ಟಪುರದ ಬೈಲಪ್ಪ ಎಂಬವರದು. ಬೈಲಪ್ಪನ ಹಾಳೆಯಲ್ಲಿ ಅಚ್ಚಾಗಿದ್ದು ಮೊದಲನೆಯವರ ನಾರ್ಮಲ್ ರಿಪೋರ್ಟ್.

"ನಾನು ಹೇಳಲ್ಲಪ್ಪ," ಎಂದು ಸರ್ವಮಂಗಳಾ ಫೋನನ್ನು ಮುಂದೆ ತಳ್ಳಿದಳು.

ಪದ್ಮಶ್ರೀ ನಂಬರ್ ಒತ್ತಿದಳು. ಆ ಕಡೆ ಎತ್ತಿದ್ದು ಒಬ್ಬ ಹೆಂಗಸು. ಲ್ಯಾಬಿನಿಂದ ಎನ್ನುತ್ತಿದ್ದಂತೆ ಅವಳ ದನಿ ಅರಳಿತು.

"ಲ್ಯಾಬಿನೋರಾ? ನಿಮ್ಗೆ ಪುಣ್ಯ ಬರ್ಲಿ ಕಣವ್ವಾ. ಆರು ತಿಂಗ್ಳು ಪಥ್ಯ ಮಾಡಿದ್ಮೇಲೆ ನಮ್ಮೆಜಮಾನ್ರು ಇವತ್ತು ನಗ್ತಾ ನಗ್ತಾ ಮಟನ್ ತರಾಕೋಗವ್ರೆ."