ಮೂರನೇ ತಿರುವಿನ ಬ್ರೇಕು

“ನನ್ನ ಮಗನ್ನ ಕೊಂದ ಗಾಡೀನ ಮತ್ತ ಇಲ್ಲಿಗೇ ತಂದೀಯೇನಲೇ? ನಾಚಿಕಿ ಬರೂದಿಲ್ಲ ನಿನಗ?”

ನೀಲಕಂಠಪ್ಪ ಬೈಕಿನ ಹ್ಯಾಂಡಲ್ ಹಿಡಿದು ಜಗ್ಗಿದ. ಇನ್ನೊಂದು ಬದಿ ಹಿಡಿದಿದ್ದ ನಿಜಾಮುದ್ದೀನ ಬಿಡಲಿಲ್ಲ. ಗೇಟಿನಲ್ಲಿ ಸಾಲುಗಟ್ಟಿದ್ದ ಕಾರುಗಳ ಗಾಜು ಒಂದೊಂದಾಗಿ ಇಳಿದವು.

“ಸಾವಕಾರ್ರ, ಗಾಡಿ ಕೊಂದಿಲ್ರಿ. ಅದನ್ನ ತೋರಸಾಕಽ ಬಂದೇನಿ.”

ಹುಬ್ಬಳ್ಳಿ–ಧಾರವಾಡದ ನಡುವಿನ ಆ ರೇಸ್ ಟ್ರ್ಯಾಕಿಗೆ ಅಂದು ಕಡೆಯ ದಿನ. ಮರುದಿನ ಜೆಸಿಬಿ ಬರಲಿತ್ತು. ಜಾಗ ಲೇಔಟಿಗೆ ಹೋಗಿತ್ತು. ಮುಚ್ಚುವ ಮುನ್ನ ಯಾರು ಬೇಕಾದರೂ ತಮ್ಮ ಗಾಡಿಯಲ್ಲಿ ಮೂರು ಸುತ್ತು ಹೊಡೆಯಬಹುದೆಂದು ಮ್ಯಾನೇಜರ್ ಅಂಬರೀಷ ಬೋರ್ಡು ಹಾಕಿಸಿದ್ದ. ಹಾಲಿನ ಕ್ಯಾನು ಕಟ್ಟಿದ್ದ ಟಂಟಂ ಆಟೋ ಕೂಡ ಸಾಲಿನಲ್ಲಿತ್ತು.

ಒಂಬತ್ತು ವರ್ಷದ ಹಿಂದೆ ಇಲ್ಲಿಯ ಮೂರನೇ ತಿರುವಿನಲ್ಲಿ, ದಿನದ ಮೊದಲ ರೇಸಿನ ಮೊದಲ ಸುತ್ತಿನಲ್ಲೇ, ನೀಲಕಂಠಪ್ಪನ ಮಗ ಕುಮಾರಸ್ವಾಮಿ ಬಿದ್ದು ಸತ್ತ. ಬೈಕು ಸಿದ್ಧಮಾಡಿದವ ನಿಜಾಮುದ್ದೀನ. ಬ್ರೇಕು ಹಿಡಿಯಲಿಲ್ಲ ಎಂದು ಹತ್ತಿ ವ್ಯಾಪಾರಿ ನೀಲಕಂಠಪ್ಪ ಕಂಡಕಂಡವರಿಗೆ ಹೇಳಿದ. ಕೇಸು ಬಿದ್ದುಹೋಯಿತು. ಮಾತು ಉಳಿಯಿತು. ಹುಬ್ಬಳ್ಳಿಯ ಕಮರಿಪೇಟೆಯಲ್ಲಿದ್ದ ನಿಜಾಮುದ್ದೀನನ ಗ್ಯಾರೇಜಿಗೆ ಗಾಡಿಗಳು ಬರುವುದೇ ನಿಂತಿತು. ಈಗ ಅವನು ಇನ್ನೊಬ್ಬರ ಗ್ಯಾರೇಜಿನಲ್ಲಿ ಕಾರು ತೊಳೆಯುತ್ತಾನೆ. ಪಾನಾ ಹಿಡಿದು ನಟ್ಟು ತಿರುಗಿಸಲು ಯಾರೂ ಬಿಡುವುದಿಲ್ಲ.

ನೀಲಕಂಠಪ್ಪ ಗುಜರಿಗೆ ಎಸೆದ ಬೈಕನ್ನು ಅವನೇ ಕೊಂಡುಕೊಂಡಿದ್ದ. ಬಾಗಿದ್ದನ್ನು ನೆಟ್ಟಗೆ ಮಾಡಿದ್ದ. ಟೈರು ಬದಲಿಸಿದ್ದ. ಬ್ರೇಕು ಮಾತ್ರ ಬಿಚ್ಚಿರಲಿಲ್ಲ. ತನಿಖೆಗೆ ಬಂದವರು ಬ್ರೇಕಿನ ನಟ್ಟಿನ ಮೇಲೆ ಬಳಿದ, ನಟ್ಟು ತಿರುಗಿಸಿದರೆ ಒಡೆಯುವ ಹಳದಿ ಬಣ್ಣದ ಗುರುತು ಇನ್ನೂ ಒಡೆಯದೆ ಹಾಗೇ ಇತ್ತು.

“ನಾಳಿಗೆ ಆ ತಿರುವಽ ಇರೂದಿಲ್ರಿ. ಇವತ್ತ ತೋರಸಲಿಲ್ಲಂದ್ರ ಸಾಯೂತನಕ ನಾನಽ ಕೊಲಿಗಾರ.”

“ತೋರಸ್ತಾನಂತ! ಅಂಬರೀಷಾ, ಇವನ್ನ ಕೇಳು. ಅವತ್ತ ಪೊಲೀಸರು ಬರೂಕಿಂತ ಮೊದಲ ಅಂಗಿ ಬಿಚ್ಚಿ ರಸ್ತೆ ಯಾಕ ಒರಸಿದ? ನೋಡಿದವರು ಅದಾರ. ಗಾಡ್ಯಾಗಿಂದ ಎಣ್ಣಿ ಸೋರಿತ್ತು, ಅದಕ್ಕ!”

ನಿಜಾಮುದ್ದೀನ ಅಂಗಿಯ ಕಿಸೆಯನ್ನೊಮ್ಮೆ ಮುಟ್ಟಿ ನೋಡಿಕೊಂಡ.

“ಹಿಂದಿನ ಸಂಜೀಗೇ ಗುಡಿಸಿ ಕನ್ನಡಿ ಹಂಗ ಇಟ್ಟಿದ್ವಿ ಕಾಕಾ,” ಎಂದ ಅಂಬರೀಷ. “ಬೆಳಿಗ್ಗೆ ರೇಸ್ ಶುರು ಆಗೂತನಕ ಗೇಟ್ ತಗದಿಲ್ಲ. ಎಣ್ಣಿ ನಾ ಏನೂ ನೋಡಿಲ್ಲ. ಹೋಗ್ಲಿ ಬಿಡ್ರಿ, ಬಿದ್ರ ಅವನಽ ಬೀಳ್ತಾನ.”

“ಬೀಳಲಿ. ನೋಡೇ ಹೋಗ್ತೇನಿ.”

ಮಗ ಬಿದ್ದ ಜಾಗವನ್ನು ಕಡೆಯ ಸಲ ನೋಡಲೆಂದು ಬಂದಿದ್ದ ನೀಲಕಂಠಪ್ಪ ತನ್ನ ಕಾರಿಗೆ ಒರಗಿ ನಿಂತ. ಹಿಂದಿನ ಸೀಟಿನಲ್ಲಿ ಅಂಗಡಿಯ ಅಮಾವಾಸ್ಯೆ ಪೂಜೆಯ ಸಾಮಾನಿತ್ತು: ತೆಂಗಿನಕಾಯಿ, ನಿಂಬೆಹಣ್ಣು, ಬೂದುಗುಂಬಳ, ಹೂವು. ಪೂಜೆಗೆ ಹೊತ್ತಾಗುತ್ತಿತ್ತು. ಅವನು ಕದಲಲಿಲ್ಲ.

ನಿಜಾಮುದ್ದೀನ ಹೊರಟ. ಮೂರನೇ ತಿರುವು ಹತ್ತಿ ಹೊಲದ ಅಂಚಿನಲ್ಲಿತ್ತು. ಅಲ್ಲಿಯವರೆಗೆ ಅವನು ವೇಗ ಇಳಿಸಲಿಲ್ಲ. ಬೈಕು ನೇರ ಹೊಲಕ್ಕೇ ನುಗ್ಗುತ್ತದೆ ಎನ್ನುವಾಗ ಬ್ರೇಕು ಒತ್ತಿದ. ಟೈರು ಚೀರಿತು. ಬೈಕು ಬಾಗಿ, ಎಳೆದ ಗೆರೆಯಂತೆ ತಿರುವು ದಾಟಿತು. ಎರಡನೇ ಸುತ್ತೂ ಹಾಗೇ. ಮೂರನೆಯದೂ. ಸಾಲಿನಲ್ಲಿದ್ದವರು ಹಾರ್ನ್ ಬಾರಿಸಿದರು. ಟಂಟಂನವ ಸಿಳ್ಳೆ ಹೊಡೆದ.

ಅವನು ಬೈಕನ್ನು ತಂದು ನೀಲಕಂಠಪ್ಪನ ಮುಂದೆಯೇ ನಿಲ್ಲಿಸಿದ.

“ನೋಡಿದ್ರಲ್ರಿ. ಈಗ ಈ ಮಂದಿ ಮುಂದ ಒಂದು ಮಾತು ಹೇಳ್ರಿ. ‘ಬ್ರೇಕ್ ಛಲೋ ಇತ್ತು’ ಅಂತ. ಮತ್ತೇನೂ ಬ್ಯಾಡ.”

ನೀಲಕಂಠಪ್ಪ ಬಗ್ಗಿ ಹಳದಿ ಗುರುತಿನ ಮೇಲೆ ಹೆಬ್ಬೆರಳು ಎಳೆದ. ಗುರುತು ಒಡೆದಿರಲಿಲ್ಲ. ಅವನ ತುಟಿ ಅಲುಗಿತು. ಜನ ಕಾದರು.

“ಹಂಗಾದ್ರ ನನ್ನ ಮಗಗಽ ಗಾಡಿ ಹೊಡ್ಯಾಕ ಬರ್ತಿರಲಿಲ್ಲೇನು?” ಅವನ ದನಿ ಏರಿತು. “ಒಣಾ ರಸ್ತೆ, ಛಲೋ ಬ್ರೇಕು, ಸುಮ್ಮನ ಬಿದ್ನೇನು? ನೀನಽ ಏನರ ಕುಡಿಸಿರಬೇಕು ಅವಂಗ. ಹೌದಲ್ಲ? ಕುಡಿಸಿ ಹತ್ತಿಸಿ!”

ನಿಜಾಮುದ್ದೀನ ಬೈಕಿನಿಂದ ಇಳಿದ. “ಕುಮಾರ ಚಹಾನೂ ಕುಡೀತಿರಲಿಲ್ಲ, ಸಾವಕಾರ್ರ.”

“ಮತ್ತ ಹೇಳಲೇ! ಕಡೀಕ ನಿನ್ನ ತೊಡಿ ಮ್ಯಾಲಽ ಇದ್ದ. ಏನಂದ? ಒಂಬತ್ತ ವರ್ಷ ಕೇಳಾಕತ್ತೇನಿ.”

“‘ಅಪ್ಪಗ ಹೇಳಬ್ಯಾಡ’ ಅಂದ.”

“ಏನು ಹೇಳಬ್ಯಾಡ?”

“ಹೇಳಬ್ಯಾಡ ಅಂದಾನಲ್ರಿ. ಇಷ್ಟ ವರ್ಷ ಹೇಳಿಲ್ಲ. ಇವತ್ತೂ ಹೇಳೂದಿಲ್ಲ.”

ಅವನು ಕಿಸೆಯಿಂದ ಮಡಚಿದ ಕಾಗದದ ಪೊಟ್ಟಣ ತೆಗೆದು ಕಾರಿನ ಬಾನೆಟ್ ಮೇಲೆ ಇಟ್ಟ. ಪಕ್ಕದಲ್ಲಿ ಬೈಕಿನ ಚಾವಿ.

“ಮುಂದಿನ ಗಾಲಿ ಬಿಚ್ಚಿದಾಗ ಮಡ್‌ಗಾರ್ಡಿನ್ಯಾಗ ಸಿಕ್ಕಿತ್ತು. ಅವತ್ತ ನಾ ಅಂಗೀಲೆ ಒರಸಿದ್ದೂ ಇದನ್ನಽ.”

ಹೇಳಿ ಗೇಟು ದಾಟಿ ನಡೆದ. ಅಂಬರೀಷ ಎರಡು ಸಲ ಕೂಗಿದ. ನಿಜಾಮುದ್ದೀನ ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ. ಬೈಕು ಒಯ್ಯಲು ಆ ಸಂಜೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಆಮೇಲೆ ಕಮರಿಪೇಟೆಯಲ್ಲಿ ಅವನನ್ನು ಕಂಡವರಿಲ್ಲ.

ಬ್ರೇಕಿನ ಮುರಿದ ತುಂಡು ಇರಬೇಕೆಂದು ನೀಲಕಂಠಪ್ಪ ಪೊಟ್ಟಣವನ್ನು ಎಲ್ಲರೆದುರೇ ಬಿಚ್ಚಿದ. ಹತ್ತೋ ಹನ್ನೆರಡೋ ಬೂದುಗುಂಬಳದ ಬೀಜ. ಒಣಗಿದ್ದವು. ಕುಂಕುಮ ಇನ್ನೂ ಅಂಟಿತ್ತು.

ಒಂಬತ್ತು ವರ್ಷದ ಹಿಂದಿನ ಆ ದಿನವೂ ಅಮಾವಾಸ್ಯೆ. ಮಗನಿಗೆ ಯಾರ ಕಣ್ಣೂ ತಾಗದಿರಲೆಂದು ನಸುಕಿನಲ್ಲಿ ಹತ್ತಿ ಹೊಲ ಹಾಯ್ದು ಬಂದು, ಮೂರನೇ ತಿರುವಿನ ನಟ್ಟನಡುವೆ ಕುಂಬಳಕಾಯಿ ಒಡೆದು, ಪದ್ಧತಿಯಂತೆ ತಿರುಗಿ ನೋಡದೆ ಹೋದವನು ನೀಲಕಂಠಪ್ಪನೇ.