ಸಾಧು ಮೀನುಗಳು

"ಹವಳದ ತೊಟ್ಟಿಗೆ ಸಾಧು ಮೀನೇ ಕೊಡ್ತೀನಿ ಅಕ್ಕ. ಆದ್ರೆ ಎರಡನ್ನೂ ಒಟ್ಟಿಗೇ ಬಿಡಿ," ಎನ್ನುತ್ತ ಅಂಗಡಿಯವನು ಉಪ್ಪುನೀರಿಗೆ ಬಲೆ ಇಳಿಸಿದ. "ಮೊದಲು ಬಂದದ್ದು ಇಡೀ ತೊಟ್ಟಿ ತನ್ನದೇ ಅಂದ್ಕೊಂಡುಬಿಡುತ್ತೆ."

ಹೊಸದಾಗಿ ಮದುವೆಯಾಗಿ ಬಂದವಳು ತನ್ನ ಮೊದಲ ಮದುವೆಯ ಪುಟ್ಟ ಮಗನ ಕೈ ಹಿಡಿದು ನಿಂತಿದ್ದಳು. ಇಬ್ಬರು ಮಕ್ಕಳೂ ಹೊಂದಿಕೊಳ್ಳಲಿ ಎಂದೇ ಅವಳು ಮನೆಗೆ ಅಕ್ವೇರಿಯಂ ತರಿಸಿದ್ದಳು. ಗಂಡನ ಮೊದಲ ಹೆಂಡತಿಯ ಮಗಳು ಗಾಜಿಗೆ ಮೂಗು ಒತ್ತಿಕೊಂಡು, "ಆಮೇಲೆ ಬಂದದ್ದನ್ನ ಕಚ್ಚುತ್ತಾ?" ಎಂದು ಕೇಳಿದಳು.

"ಕಚ್ಚಲ್ಲ ಪುಟ್ಟಿ. ತಿನ್ನೋಕೆ ಬಿಡಲ್ಲ, ಮಲಗೋಕೆ ಬಿಡಲ್ಲ. ಅದು ಮೂಲೇಲಿ ಸೊರಗಿ ಸಾಯುತ್ತೆ."

"ನೋಡೋರಿಗೆ ಗೊತ್ತಾಗಲ್ವಾ?"

"ಗೊತ್ತಾಗೋದ್ರೊಳಗೆ ಮುಗಿದಿರುತ್ತೆ."

ಇದುವರೆಗೂ ಆ ಮಗುವನ್ನು ಮಾತಾಡಿಸಿರದ ಹುಡುಗಿ ಈಗ ಬಗ್ಗಿ ಅವನ ಕೆನ್ನೆ ಸವರಿದಳು.

"ಚಿಕ್ಕಮ್ಮ, ಇವತ್ತಿಂದ ತಮ್ಮ ನನ್ನ ರೂಮಲ್ಲೇ ಮಲಗ್ಲಿ."