ಖಾಲಿ ಹೊಟ್ಟೆಯ ರಕ್ತ

"ನಿಜ ಹೇಳಿ ಅತ್ತಿಗೆ, ಬರೋ ಮುಂಚೆ ಏನಾದ್ರೂ ತಿಂದ್ರಾ?"

ನಾದಿನಿ ಕೇಳುತ್ತಿದ್ದದ್ದು ಇದು ಎರಡನೇ ಸಲ. ಆಸ್ಪತ್ರೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಊರವರ ರಕ್ತ ತೆಗೆದು ಪರೀಕ್ಷಿಸುತ್ತಿದ್ದವಳು. ಇವತ್ತು ಅವಳ ಕೈಯಲ್ಲಿದ್ದದ್ದು ಸ್ವಂತ ಅತ್ತಿಗೆಯ ರಕ್ತ. ಯಂತ್ರದಲ್ಲಿ ಗರಗರ ತಿರುಗಿ ಹೊರಬಂದ ಗಾಜಿನ ಕೊಳವೆಯ ತಳದಲ್ಲಿ ಕೆಂಪು ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ನಿಲ್ಲಬೇಕಾದದ್ದು ತಿಳಿಹಳದಿ ನೀರು. ನಿಂತದ್ದು ಹಾಲಿನಂಥ ಬಿಳುಪು. ಅಷ್ಟೂ ಕೊಬ್ಬು ಎಂದು ಹೇಳಲು ಅವಳಿಗೆ ಇನ್ನೊಂದು ಯಂತ್ರ ಬೇಕಿರಲಿಲ್ಲ.

ತಿಂದು ಬಂದವರ ರಕ್ತ ಒಮ್ಮೊಮ್ಮೆ ಹೀಗಾಗುವುದುಂಟು. ಎಸೆದು, ಇನ್ನೊಂದು ದಿನ ಬನ್ನಿ ಎಂದರೆ ಮುಗಿಯಿತು. ಆದರೆ ಏಳು ತಿಂಗಳ ಬಸುರಿ ಖಾಲಿ ಹೊಟ್ಟೆಯಲ್ಲಿ ಕೊಟ್ಟ ರಕ್ತ ಹೀಗಿದ್ದರೆ ಅವಳ ಜೀವಕ್ಕೂ ಕುತ್ತು, ಒಳಗಿರುವ ಕೂಸಿಗೂ ಕುತ್ತು. ಮನೆಗೆ ಕಳಿಸುವಂತೆಯೇ ಇಲ್ಲ. ನಾದಿನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತಿಂದಿರಲಿ, ಕದ್ದಾದರೂ ತಿಂದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

"ಇಲ್ಲಮ್ಮ. ಆಗ್ಲೇ ಹೇಳಿದ್ನಲ್ಲ, ನೀರು ಬಿಟ್ರೆ ಏನೂ ಇಲ್ಲ."

"ನನ್ನ ಹತ್ರ ಏನು ಮುಚ್ಚುಮರೆ? ಒಂದು ಬಿಸ್ಕತ್ತು? ಬೆಣ್ಣೆ ಹಚ್ಚಿದ ಬ್ರೆಡ್ಡು? ನಿಮ್ಮದು ಸುಮ್ನೆ ಇರೋ ಬಾಯಾ? ನೆನಪು ಮಾಡ್ಕೊಂಡು ಹೇಳಿ, ತಿಂದ್ರೋ ಇಲ್ವೋ?"

ಅತ್ತಿಗೆಗೆ ರಕ್ತ ಕೊಡುವವರ ಕುರ್ಚಿ ಚಿಕ್ಕದಾಗಿತ್ತು. ಅದರ ಎರಡು ಕೈಗಳ ನಡುವೆ ಮೈಯನ್ನು ಹಿಡಿಮಾಡಿಕೊಂಡು ಕೂತಿದ್ದಳು. "ಇಲ್ಲ" ಎಂದಳು. ನಾದಿನಿ ಕಣ್ಣು ಕೀಳಲಿಲ್ಲ. ಕೊನೆಗೆ ಅತ್ತಿಗೆ ಸೆರಗಿನ ತುದಿ ನೋಡುತ್ತ ಹೇಳಿದಳು: "ಹೂಂ. ಬ್ರೆಡ್ಡು ತಿಂದೆ. ನಾಲ್ಕು."

ನಾದಿನಿಗೆ ಹೋದ ಜೀವ ಬಂದಂತಾಯಿತು. ಗಟ್ಟಿಯಾಗಿ ನಕ್ಕೇಬಿಟ್ಟಳು. "ನಂಗೊತ್ತಿತ್ತು ಬಿಡಿ. ಸುಮ್ನೆ ನನ್ನ ಪ್ರಾಣ ತಿಂದ್ರಿ." ಅತ್ತಿಗೆಯನ್ನು ಹೊರಗಿನ ಬೆಂಚಿಗೆ ಕಳಿಸಿ, 'ತಿಂದು ಬಂದಿದ್ದಾರೆ, ಮುಂದಿನ ವಾರ ಮತ್ತೆ' ಎಂದು ಚೀಟಿಯಲ್ಲಿ ಬರೆದು, ಕೊಳವೆಯನ್ನು ಎಸೆಯುವ ತಟ್ಟೆಗೆ ಹಾಕಿದಳು. ಎಲ್ಲರಿಗೂ ಬಡಿಸಿ 'ನಾನು ಆಮೇಲೆ ತಿಂತೀನಿ' ಎನ್ನುವ ಅತ್ತಿಗೆ ಅಡುಗೆಮನೆಯಲ್ಲಿ ಒಬ್ಬಳೇ ಅದೆಷ್ಟು ಬಾರಿಸುತ್ತಾಳೋ ಎಂಬುದು ಆ ಮನೆಯ ಮಾಮೂಲಿ ತಮಾಷೆ. ಭಾನುವಾರ ಅವಳು ತೂಕದ ಯಂತ್ರ ಹತ್ತಿದಾಗ "ಪಾಪ, ಮುಳ್ಳಿಗೆ ಓಡೋಕೆ ಜಾಗ ಸಾಲ್ತಿಲ್ಲ" ಎಂದಿದ್ದು ಇದೇ ನಾದಿನಿ. ಅತ್ತಿಗೆಯೂ ಎಲ್ಲರ ಜೊತೆ ನಕ್ಕಿದ್ದಳು.

ಇನ್ನು ಉಳಿದದ್ದು ಮೂತ್ರ ಪರೀಕ್ಷೆ. ಬಣ್ಣ ತೋರಿಸುವ ಪಟ್ಟಿಯನ್ನು ಅದ್ದಿ ತೆಗೆದಳು. ಸಕ್ಕರೆಯ ಚೌಕ ಇದ್ದ ಹಾಗೇ ಇತ್ತು. ಮತ್ತೊಂದು ಚೌಕ ಮಾತ್ರ ನೋಡನೋಡುತ್ತಲೇ ಗುಲಾಬಿಯಾಗಿ, ನೇರಳೆಯಾಗಿ, ಕಡುನೇರಳೆಯಾಯಿತು. ಬಹಳ ಹೊತ್ತು ಹೊಟ್ಟೆಗೆ ಏನೂ ಬೀಳದೆ ಮೈ ತನ್ನ ಕೊಬ್ಬನ್ನೇ ಉರಿಸತೊಡಗಿದಾಗ ಬರುವ ಬಣ್ಣ ಅದು. ಬೆಳಿಗ್ಗೆ ನಾಲ್ಕು ಬ್ರೆಡ್ಡು ತಿಂದವರದ್ದಲ್ಲ. ಇನ್ನೊಂದು ಪಟ್ಟಿ ಅದ್ದಿದಳು. ಅದೂ ಕಡುನೇರಳೆ.

ತಟ್ಟೆಯಿಂದ ಕೊಳವೆಯನ್ನು ಹೆಕ್ಕಿಕೊಂಡಳು. ಬರೆದ ಚೀಟಿ ಹರಿದಳು. ಮೇಲಿನ ಮಹಡಿಗೆ ಫೋನ್ ಮಾಡಿ ಡಾಕ್ಟರಿಗೆ ವಿಷಯ ಹೇಳಿ, ಒಂದು ಹಾಸಿಗೆ ಕೇಳಿ, ಓಡುತ್ತಲೇ ಹೊರಗೆ ಬಂದಳು. ಅತ್ತಿಗೆ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು.

"ಅತ್ತಿಗೆ, ಕೊನೆಗೆ ಊಟ ಮಾಡಿದ್ದು ಯಾವಾಗ?"

"ಮೊನ್ನೆ ಮಧ್ಯಾಹ್ನ. ಎರಡು ದಿನ ಬಾಯಿ ಕಟ್ಟಿದ್ರೆ ರಿಪೋರ್ಟಲ್ಲಿ ನಂಬರು ಇಳಿಯುತ್ತೆ ಅಂದ್ಕೊಂಡೆ. ನೋಡೋಳು ನೀನು. ಜಾಸ್ತಿ ಬಂದ್ರೆ ನಾಚಿಕೆ ಅಲ್ವಾ?"

"ಮತ್ತೆ ತಿಂದೆ ಅಂತ ಯಾಕೆ ಹೇಳಿದ್ರಿ?"

ಅತ್ತಿಗೆ ಕಣ್ಣು ತೆರೆದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಇಲ್ಲ ಅಂತ ಮೂರು ಸಲ ಹೇಳ್ದೆ, ನಿನಗೆ ಸಮಾಧಾನ ಆಗ್ಲಿಲ್ಲ. ಹೂಂ ಅಂದ ತಕ್ಷಣ ಎಷ್ಟು ಚೆನ್ನಾಗಿ ನಕ್ಕೆ ನೀನು."